ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಎಷ್ಟು ತಾಸು?

ವಿದ್ಯಾನಗರದ ನಮ್ಮ ಓಣಿಯಲ್ಲಿ ಸುಮಾರು ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಪ್ಪ-ಅವ್ವನ ಟಿಕೆಟ್ಟು ಅಲ್ಲಿಂದಲೇ ಮಾಡಿ ವಾಟ್ಸಾಪ್‌ಗೆ ಹಾಕುತ್ತಾರೆ. ‘ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಡೈರೆಕ್ಟ್ ಫ್ಲೈಟ್ ಅವ್ವ, ಹದಿನಾರೂವರೆ ತಾಸಷ್ಟ’ ಅಂತ ಒಂದು ವಾಯ್ಸ್ ಮೆಸೇಜ್ ಬೇರೆ ಬರುತ್ತಿತ್ತು, ಏರ್ ಇಂಡಿಯಾದ ಆ ಡೈರೆಕ್ಟ್ ಫ್ಲೈಟ್ ಇದ್ದಾಗ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಇದರಲ್ಲಿ ಹುಬ್ಬಳ್ಳಿಯೇ ಇಲ್ಲವಲ್ಲ!

ಕೂಡಿಸಿ ನೋಡಿ. ಬೆಂಗಳೂರಿಗೆ ವಂದೇ ಭಾರತ್ ಹಿಡಿದರೂ ಆರು ತಾಸಿನ ಹತ್ತಿರ, ರಾತ್ರಿ ಗಾಡಿಯಾದರೆ ಇನ್ನೂ ಜಾಸ್ತಿ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಒಂದೋ ಎರಡೋ, ಅದು ಟ್ರಾಫಿಕ್ಕಿನ ಮರ್ಜಿ. ಮೂರು ತಾಸು ಮೊದಲೇ ಹೋಗಿ ಕೂರಬೇಕು. ಆಮೇಲೆ ಆ ಹದಿನಾರೂವರೆ. ಇಳಿದ ಮೇಲೆ ಇಮಿಗ್ರೇಶನ್ ಸಾಲು, ಬ್ಯಾಗು, ಮಗನ ಮನೆ ದಾರಿ. ಮೂವತ್ತು ತಾಸಿಗೆ ಕಡಿಮೆ ಬರಲ್ಲ.

ಟಿಕೆಟ್ಟಿನ ಮೇಲಿನ ಟೈಮ್ ಇನ್ನೊಂದು ಗೊಂದಲ. ಪಕ್ಕದ ಮನೆ ಕಾಕಾ ಕನ್ನಡಕ ಏರಿಸಿ ಓದಿದರು: ‘ಮಧ್ಯಾಹ್ನ ಎರಡಕ್ಕ ಬಿಡೂದು, ಅವತ್ತ ಸಂಜಿ ಆರಕ್ಕ ಮುಟ್ಟೂದು. ನಾಕ ತಾಸಿನ್ಯಾಗ ಅಮೆರಿಕಾ ಏನೋ ತಮ್ಮಾ?’ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮಗಿಂತ 12 ತಾಸು 30 ನಿಮಿಷ ಹಿಂದೆ ಇರುತ್ತದೆ, ಚಳಿಗಾಲದಲ್ಲಿ 13 ತಾಸು 30 ನಿಮಿಷ. ಕೂಡಿಸಿ ತೋರಿಸಿದೆ. ಕಾಕಾಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಬೆಂಗಳೂರಿಂದ ಅಲ್ಲಿಗೆ ದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ಮೇಲಿನ ನಕಾಶೆ ನೋಡಿದರೆ ಇದು ತಿಳಿಯುವುದಿಲ್ಲ. ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ: ಟಿಬೆಟ್, ಚೀನಾ ದಾಟಿ ಸೈಬೀರಿಯಾದವರೆಗೂ ಏರಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಹತ್ತಿರದ ದಾರಿ ಅದೇ, ಆದರೆ ವಿಮಾನ ಅದನ್ನೇ ಹಿಡಿಯುವುದಿಲ್ಲ. ಒಳಗೆ ಗಾಳಿಯ ಒತ್ತಡ ಇಳಿದರೆ ವಿಮಾನ ಬೇಗ 10,000 ಅಡಿಗೆ ಬರಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಪಡುವಣದಿಂದ ಮೂಡಣಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿಯೂ ಇದೆ. ಹೋಗುವಾಗ ಪೆಸಿಫಿಕ್ ಮೇಲೆ ಅದು ಹಿಂದಿನಿಂದ ದೂಡಿದರೆ ಸುತ್ತು ದಾರಿಯೇ ಬೇಗ ಮುಟ್ಟಿಸುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ಅನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆಯೇ ಹಾಯಿಸಿ ಬೆಂಗಳೂರಿಗೆ ತಂದರು. ಇಳಿದಾಗ ನಸುಕಿನ ಹೊತ್ತು.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಅಭಿಪ್ರಾಯ ಇದು. ಎಪ್ಪತ್ತು ದಾಟಿದವರಿಗೆ ಡೈರೆಕ್ಟ್ ಫ್ಲೈಟೇ ಒಳ್ಳೇದು ಅಂತೇನಿಲ್ಲ. ಮಂಡಿ ನೋವಿನವರಿಗೆ ಒಂದೇ ಸೀಟಿನಲ್ಲಿ ಅಷ್ಟು ಹೊತ್ತು ಕೂರುವುದು ಶಿಕ್ಷೆ. ನಡುವೆ ಒಂದು ಕಡೆ ಮೂರು-ನಾಲ್ಕು ತಾಸು ಇಳಿದು ಅಡ್ಡಾಡಿದರೆ ಕಾಲಿಗೆ ಆರಾಮ. ಒಂದೇ ತಾಸಿನ ಗ್ಯಾಪ್ ಬೇಡ, ಓಡಿಸಿಬಿಡ್ತಾರೆ.

ಗೋಕುಲ ರೋಡಿನ ಏರ್‌ಪೋರ್ಟಿನಿಂದ ಬೆಂಗಳೂರಿಗೆ ಹಾರುವುದಾದರೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತದಾ ನೋಡಿ. ಬೇರೆ ಬೇರೆ ಟಿಕೆಟ್ ಆದರೆ ಇಲ್ಲಿನ ವಿಮಾನ ತಡವಾಗಿ ಅಲ್ಲಿನದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ವೀಲ್‌ಚೇರ್ ಬುಕಿಂಗ್ ವೇಳೆಯೇ ಹಾಕಿಸಿ, ಅವ್ವ ಬೇಡ ಅಂದರೂ. ವಾಪಸ್ ಬಂದು ಬೆಳಗಿನ ಜಾವ ಇಳಿಯುವವರಿಗೆ ಅವತ್ತೇ ಮುಂಜಾನೆಯ ಹುಬ್ಬಳ್ಳಿ ರೈಲು ಬುಕ್ ಮಾಡಬೇಡಿ. ಮಧ್ಯಾಹ್ನದ ಗಾಡಿಗೆ ಮಾಡಿ.