ದೊಡ್ಡ ಟೂರಿಂಗ್ ಬೈಕ್ ತೂಕದಿಂದಲೇ ಸ್ಥಿರವಾಗಿರುತ್ತದೆ ಎಂಬ ಮಾತಿಗೆ ಸ್ಪಷ್ಟನೆ

‘ದೊಡ್ಡ ಟೂರಿಂಗ್ ಬೈಕ್ (ದೂರ ಪ್ರಯಾಣಕ್ಕೆಂದೇ ಮಾಡಿದ ಭಾರಿ ಬೈಕ್) ತನ್ನ ತೂಕದಿಂದಲೇ ಸ್ಥಿರವಾಗಿರುತ್ತದೆ, 100 ಸಿಸಿ ಬೈಕ್ ಓಡಿಸಿ ಪಳಗಿದವರು ನೇರವಾಗಿ ಅದನ್ನೇರಬಹುದು’ ಎಂಬ ಸಲಹೆ ಸವಾರರ ನಡುವೆ ಹರಿದಾಡುತ್ತಿದೆ. ಇದು ಅರ್ಧಸತ್ಯ, ಆದ್ದರಿಂದಲೇ ಅಪಾಯಕಾರಿ.

ಹೆದ್ದಾರಿಯಲ್ಲಿ ಅಂತಹ ಬೈಕ್ ಅಲುಗದೆ ಸಾಗುವುದಕ್ಕೆ ಅದರ ವೇಗ, ಚಕ್ರಗಳ ನಡುವಿನ ಉದ್ದನೆಯ ಅಂತರ ಹಾಗೂ ಮುಂಚಕ್ರವನ್ನು ಹಿಡಿದಿರುವ ಕವಲಿನ, ಅಂದರೆ ಫೋರ್ಕಿನ, ಓರೆ ಮುಖ್ಯ ಕಾರಣಗಳು. ವೇಗ ನಡಿಗೆಯ ಮಟ್ಟಕ್ಕೆ ಇಳಿದೊಡನೆ ಅದೇ ತೂಕ ಸವಾರನ ವಿರುದ್ಧ ತಿರುಗುತ್ತದೆ. ಸುಮಾರು 112 ಕಿಲೋ ತೂಗುವ ಸ್ಪ್ಲೆಂಡರ್ ವಾಲಿದರೆ ಕಾಲೂರಿ ತಡೆಯಬಹುದು. 350 ಕಿಲೋ ಮೀರಿದ ಹೋಂಡಾ ಗೋಲ್ಡ್ ವಿಂಗ್ ಒಂದು ಹಂತ ದಾಟಿ ವಾಲಿದರೆ ಬಲಶಾಲಿಯೂ ತಡೆಯಲಾರ. ಅದನ್ನು ಹಿಂದಕ್ಕೆ ಸರಿಸಲು ತಯಾರಕರೇ ಯಾಂತ್ರಿಕ ವ್ಯವಸ್ಥೆ ಕೊಟ್ಟಿರುವುದನ್ನು ಗಮನಿಸಬೇಕು.

ಆಗುಂಬೆ ಘಾಟಿಯ ತಿರುವುಗಳಲ್ಲಿ, ಹಿಂಬದಿ ಸವಾರ ಹಾಗೂ ತುಂಬಿದ ಪೆಟ್ಟಿಗೆಗಳೊಂದಿಗೆ, ಈ ವ್ಯತ್ಯಾಸ ಇನ್ನಷ್ಟು ಢಾಳಾಗಿ ಕಾಣುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಒತ್ತುವುದು ಸಣ್ಣ ಬೈಕಿನಲ್ಲಿ ಹೇಗೋ ದಕ್ಕುವ ಅಭ್ಯಾಸ, ದೊಡ್ಡದರಲ್ಲಿ ಅದು ಬೀಳುವ ದಾರಿ. ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ದೃಷ್ಟಿಯನ್ನು ತಿರುವಿನ ಆಚೆಗಿಟ್ಟು ಸಾಗುವುದನ್ನು ಖಾಲಿ ಮೈದಾನದಲ್ಲಿ, ಸಾಮಾನು ಹೇರದೆ, ಹಲವು ದಿನ ರೂಢಿಸಿಕೊಳ್ಳಬೇಕು.

ನಮ್ಮಲ್ಲಿ ಗೇರ್ ಸಹಿತ ಮೋಟಾರ್‌ಸೈಕಲ್ ಪರವಾನಗಿ ಸಣ್ಣ, ದೊಡ್ಡ ಬೈಕುಗಳೆರಡಕ್ಕೂ ಸಾಲುತ್ತದೆ ಎಂಬುದು ನಿಜ. ಆದರೆ ಆ ಪರವಾನಗಿಯನ್ನೇ ಕೌಶಲದ ಪ್ರಮಾಣವೆಂದು ಎಳೆಯ ಸವಾರರಿಗೆ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಕು.