ಕಾಗದದ ಮೇಲೆ ಕುಗ್ಗುತ್ತಿರುವ ಮನೆ

ಸ್ವಂತ ಮನೆ ಕಟ್ಟಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಾನು ಕಳೆದ 12 ವರ್ಷಗಳಿಂದ ಅತ್ಯಂತ ಶ್ರದ್ಧೆಯಿಂದ ಪರಿಶೀಲಿಸುತ್ತಿದ್ದೇನೆ. ಈ ಅವಧಿಯಲ್ಲಿ ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲವಾದರೂ, ನಕ್ಷೆಯಲ್ಲಿ ಮಾತ್ರ ಐದು ಸಲ ಕಟ್ಟಿ ಐದು ಸಲ ಕೆಡವಿದ್ದೇನೆ. ಮೊದಲ ನಕ್ಷೆಯಲ್ಲಿ ಮಹಡಿಯಿತ್ತು, ಪುಸ್ತಕಗಳಿಗೆಂದೇ ಒಂದು ಕೋಣೆಯಿತ್ತು, ಅತಿಥಿಗಳಿಗೆ ಇನ್ನೊಂದಿತ್ತು. ಅಂದಾಜು ವೆಚ್ಚ ಕೈಗೆ ಬಂದ ದಿನ ಪುಸ್ತಕದ ಕೋಣೆ ಹೋಯಿತು. ಕಬ್ಬಿಣದ ದರ ಏರಿದಾಗ ಮಹಡಿ ಹೋಯಿತು. ಅತಿಥಿಗಳ ಕೋಣೆ ಹೋದಾಗ ನನಗೆ ಅಷ್ಟೇನೂ ದುಃಖವಾಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೋಣೆಗಳು ಅರ್ಧಕ್ಕಿಳಿದರೆ ವೆಚ್ಚವೂ ಅರ್ಧಕ್ಕಿಳಿಯುವುದೆಂದು ನಂಬಿದ್ದು ನನ್ನ ಮೊದಲ ಪೆದ್ದುತನ. ಮನೆ ಎಷ್ಟೇ ಪುಟ್ಟದಾದರೂ ಅದಕ್ಕೊಂದು ಅಡುಗೆಮನೆ, ಒಂದು ಬಚ್ಚಲು, ನೀರಿನ ತೊಟ್ಟಿ, ವಿದ್ಯುತ್ ಸಂಪರ್ಕ ಬೇಕೇ ಬೇಕು. ದುಬಾರಿಯಾದ ಬಾಬತ್ತುಗಳೂ ಇವೇ. ಹೀಗಾಗಿ ಮನೆ ಕುಗ್ಗಿದಂತೆಲ್ಲ ಚದರಡಿಯ ಲೆಕ್ಕದಲ್ಲಿ ಅದು ಇನ್ನಷ್ಟು ತುಟ್ಟಿಯಾಗುತ್ತ ಹೋಯಿತು.

ಎರಡನೆಯ ಪೆದ್ದುತನವಂತೂ ಹೇಳಿಕೊಳ್ಳಲು ಸಂಕೋಚವಾಗುವಂಥದ್ದು. ಹಣದುಬ್ಬರ ಇಳಿದಿದೆಯೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಬೆಳಿಗ್ಗೆ, ಹಳೆಯ ಅಂದಾಜುಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಗುತ್ತಿಗೆದಾರರ ಬಳಿಗೆ ಓಡಿದೆ. ಅವರು ಅದನ್ನು ಹಳೆಯ ಶಾಸನದಂತೆ ತಿರುಗಿಸಿ ನೋಡಿ, ಮೊದಲಿಗಿಂತ ದೊಡ್ಡ ಮೊತ್ತವನ್ನು ಬರೆದುಕೊಟ್ಟರು. ಹಣದುಬ್ಬರ ಇಳಿಯುವುದೆಂದರೆ ಬೆಲೆ ಏರುವ ವೇಗ ತಗ್ಗುವುದೇ ಹೊರತು ಬೆಲೆಯೇ ಇಳಿಯುವುದಲ್ಲವೆಂದು ಅವರು ತಾಳ್ಮೆಯಿಂದ ತಿಳಿಸಿದರು. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಬೆಲೆ ಎಷ್ಟು ವರ್ಷಗಳಲ್ಲಿ ದುಪ್ಪಟ್ಟಾಗುತ್ತದೆಂದು ಹೆಚ್ಚುಕಡಿಮೆ ತಿಳಿಯುತ್ತದೆಯೆಂಬ ಸೂತ್ರವನ್ನೂ ಹೇಳಿಕೊಟ್ಟರು. ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷ. ನಾನು ಪರಿಶೀಲಿಸುತ್ತ ಕುಳಿತದ್ದೂ ಸರಿಯಾಗಿ ಅಷ್ಟೇ ಕಾಲ.

ಹಾಗಾದರೆ ಸಾಲ ಮಾಡಿ ಈಗಲೇ ಕಟ್ಟಿಬಿಡೋಣವೆಂದು ರಾತ್ರಿಯೆಲ್ಲ ಕುಳಿತು ಲೆಕ್ಕ ಹಾಕಿದೆ. ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ 100 ರೂಪಾಯಿ ಪಡೆದರೆ, ಮಾಸಿಕ ಕಂತುಗಳಲ್ಲಿ ಮರಳಿಸುವುದು ಸುಮಾರು 216 ರೂಪಾಯಿ. ಮೊದಲ ಕಂತಿನ ಆರು ಪಾಲಿನಲ್ಲಿ ಐದು ಪಾಲು ಬಡ್ಡಿಗೇ ಸಲ್ಲುತ್ತದೆ. ಅಂದರೆ ನನಗೊಂದು ಮನೆಯನ್ನೂ, ಸಾಲ ಕೊಟ್ಟವರಿಗೆ ಅದಕ್ಕಿಂತ ತುಸು ದೊಡ್ಡದಾದ ಇನ್ನೊಂದನ್ನೂ ಕಟ್ಟಿಕೊಡಬೇಕಾಗುತ್ತದೆ. ಕಟ್ಟದಿದ್ದರೆ ಬಾಡಿಗೆಯೇನೂ ಸುಮ್ಮನೆ ನಿಂತಿರುವುದಿಲ್ಲವೆಂಬುದು ಬೆಳಗಿನ ಜಾವ ನೆನಪಾಗಿ, ಹಾಕಿದ ಲೆಕ್ಕವನ್ನೆಲ್ಲ ಹೊಡೆದುಹಾಕಿದೆ.

ಈ ಗೊಂದಲದಲ್ಲಿಯೇ ನಾನು ಬೆಲೆಯೇರಿಕೆಗೆ ಚಳ್ಳೆಹಣ್ಣು ತಿನ್ನಿಸುವ ಉಪಾಯವೊಂದನ್ನು ಹೂಡಿದ್ದು. ಸಿಮೆಂಟಿನ ದರ ಮುಂದಿನ ತಿಂಗಳು ಏರಲಿದೆಯೆಂದು ಯಾರೋ ಹೇಳಿದ್ದನ್ನು ಕೇಳಿ, 50 ಕಿಲೋ ತೂಕದ 20 ಚೀಲಗಳನ್ನು ತರಿಸಿ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಜೋಡಿಸಿದೆ. ದರ ಏರಿದ್ದೇನೋ ನಿಜ. ಒಂದು ವಾರ ನಾನು ದೊಡ್ಡ ವ್ಯಾಪಾರಿಯಂತೆ ಓಡಾಡಿದೆ. ಆದರೆ ಸಿಮೆಂಟು ಗಾಳಿಯಲ್ಲಿನ ತೇವವನ್ನು ಹೀರಿ ತಿಂಗಳುಗಳಲ್ಲೇ ಸತ್ವ ಕಳೆದುಕೊಳ್ಳುವ ವಸ್ತುವೆಂಬುದು ಮಳೆಗಾಲ ಮುಗಿಯುವವರೆಗೆ ತಿಳಿಯಲಿಲ್ಲ. ಬಿಚ್ಚಿ ನೋಡಿದರೆ ಚೀಲದ ಆಕಾರದ 20 ಬಂಡೆಗಳು!

“ಅಲ್ಲಾರೀ, ಇಷ್ಟು ವರ್ಷದಲ್ಲಿ ನೀವು ಮಾಡಿದ ಗಟ್ಟಿ ಕೆಲಸ ಇದೊಂದೇ ನೋಡಿ” ಎಂದಳು ನನ್ನ ಹೆಂಡತಿ.

ಮೆಟ್ಟಿಲ ಕೆಳಗಿನ ಜಾಗಕ್ಕೂ ಬಾಡಿಗೆ ಸೇರಿಸುವುದಾಗಿ ಮನೆಯ ಮಾಲೀಕರು ತಿಳಿಸಿದ್ದರಿಂದ ಬಂಡೆಗಳನ್ನು ಅಂಗಳಕ್ಕೆ ಸಾಗಿಸಿದ್ದೇವೆ. ಸಾಗಿಸಿದ ಕೂಲಿ ಬೇರೆ. ಅವುಗಳಲ್ಲಿ ಒಂದರ ಮೇಲೆ ಕುಳಿತು, ಅಡುಗೆಮನೆಯ ಕಿಟಕಿಯನ್ನು ಇನ್ನೂ ನಾಲ್ಕಂಗುಲ ಕಿರಿದಾಗಿಸಬಹುದೇ ಎಂದು ಈಗ ಆರನೆಯ ನಕ್ಷೆಯನ್ನು ತಿದ್ದುತ್ತಿದ್ದೇನೆ.