ವೋಟಿಗೆ ಪಟ್ಟಿ ಇದೆ, ನೆರೆಗೆ ಯಾಕಿಲ್ಲ?

2023ರ ವಿಧಾನಸಭೆ ಚುನಾವಣೆ ನೆನಪಿದೆ ಅಲ್ವಾ? 80 ದಾಟಿದವರು, ಅಂಗವಿಕಲರು ಮನೆಯಲ್ಲೇ ವೋಟು ಹಾಕಬಹುದು ಅಂದರು. ಅದಕ್ಕೆ ಅರ್ಜಿಯಾದ 12ಡಿ ಫಾರಂ ಹಿಡಿದು ಬಿಎಲ್‌ಒಗಳು, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಗಳು, ಮನೆಮನೆ ತಿರುಗಿದರು. ಹಾಸಿಗೆ ಹಿಡಿದವರ ಹತ್ತಿರವೇ ಸಿಬ್ಬಂದಿ ಬಂದು ವೋಟು ಪಡೆದರು. ತುಂಬಾ ಒಳ್ಳೆಯ ಕೆಲಸ. ಹಾಗಾದರೆ ಹೊಳೆ ಏರಿದ ರಾತ್ರಿ ಆ ಮನೆಗೆ ಯಾರು ಹೋಗುತ್ತಾರೆ?

ಇದು ದಯೆಯ ಮಾತಲ್ಲ, ಕಾನೂನಿನಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಓದಿ. ಜಿಲ್ಲೆಯ ಅಂಗವಿಕಲರ ವಿವರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಳಿ ಇರಬೇಕು, ಅಪಾಯ ಬಂದರೆ ಅವರಿಗೆ ತಿಳಿಸುವ ವ್ಯವಸ್ಥೆಯೂ ಇರಬೇಕು. ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದಾರೆ. ಆದರೆ ಈ ಸೆಕ್ಷನ್ನಿನಲ್ಲಿ ವಯಸ್ಸಾದವರ ಮಾತೇ ಇಲ್ಲ. ಮಂಡಿ ನೋವಿನಿಂದ ಮೆಟ್ಟಿಲು ಇಳಿಯಲಾಗದ ಅಜ್ಜಿಗೆ ಅಂಗವಿಕಲರ ಕಾರ್ಡ್ ಇರುವುದಿಲ್ಲ. ಅವರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ ಉಕ್ಕಿ ಗೋಕಾಕ, ರಾಮದುರ್ಗದ ಕಡೆ ಮನೆಗಳೇ ಮುಳುಗಿದವು. ಮರು ತಿಂಗಳೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಪತ್ತಿನ ಸಿದ್ಧತೆಯಲ್ಲಿ ಅಂಗವಿಕಲರನ್ನೂ ಒಳಗೊಳ್ಳುವ ಮಾರ್ಗಸೂಚಿ ಹೊರಡಿಸಿತು. ಅದು ಊರಿನ ಮಟ್ಟಕ್ಕೆ ಇಳಿಯಬೇಕು. ಮೈಕ್ ಕಟ್ಟಿದ ಗಾಡಿಯಲ್ಲಿ ಕೂಗಿ ಹೋದರೆ ಕಿವಿ ಕೇಳದವರಿಗೆ ಏನು ಗೊತ್ತಾಗುತ್ತದೆ? ಮೊಬೈಲಿಗೆ ಮೆಸೇಜ್ ಬಂದರೆ ಓದಲು ಬಾರದ ಅಜ್ಜನಿಗೆ ಯಾರು ಹೇಳಬೇಕು?

ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರ ತೆರೆಯುವುದು ಸಾಮಾನ್ಯವಾಗಿ ಸರ್ಕಾರಿ ಶಾಲೆಯಲ್ಲಿ. ಹೆಚ್ಚಿನ ಕಡೆ ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ, ಅದೂ ಅಂಗಳದ ಆ ತುದಿಗೆ. ರಾತ್ರಿ ಮಳೆಯಲ್ಲಿ ಅಲ್ಲಿಗೆ ಹೋಗುವುದು ಹೇಗೆ ಅನ್ನುವ ಚಿಂತೆಗೇ ಎಷ್ಟೋ ಹಿರಿಯರು ‘ನಾ ಎಲ್ಲಿ ಬರ್ಲಿ, ನೀವು ಹೋಗ್ರಪ್ಪಾ’ ಅಂತ ಮನೆಯಲ್ಲೇ ಉಳಿಯುತ್ತಾರೆ. ನಾವು ಅದನ್ನು ಹಟ ಅನ್ನುತ್ತೇವೆ. ಅದು ಹಟ ಅಲ್ಲ, ಮರ್ಯಾದೆಯ ಪ್ರಶ್ನೆ. ಮಡಚುವ ಕಮೋಡ್ ಕುರ್ಚಿ, ಒಂದು ರ‍್ಯಾಂಪ್, ರಾತ್ರಿ ಲೈಟು ಇದ್ದರೆ ಇವರಲ್ಲಿ ಎಷ್ಟೋ ಜನ ಬರುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಕೂಡ ಅಲ್ಲೇ ಸಿಗಬೇಕು.

ಜಪಾನಿನವರು 2011ರ ಸುನಾಮಿಯಲ್ಲಿ ತುಂಬಾ ಹಿರಿಯರನ್ನು ಕಳೆದುಕೊಂಡರು. 2013ರಲ್ಲಿ ಕಾನೂನು ತಿದ್ದಿ, ಸಹಾಯ ಬೇಕಾದವರ ಪಟ್ಟಿ ಮಾಡುವುದನ್ನು ಸ್ಥಳೀಯ ಆಡಳಿತಕ್ಕೆ ಕಡ್ಡಾಯ ಮಾಡಿದರು. ನಮ್ಮಲ್ಲಿ ಇದು ಕಷ್ಟವೇನಲ್ಲ. ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾ ಪಟ್ಟಿ ಇದೆ, ಅಂಗವಿಕಲರ ಪಿಂಚಣಿ ಪಟ್ಟಿ ಇದೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಬಹುಪಾಲು ಅಂಗವಿಕಲರೇ. ಯಾರ ಮನೆಯಲ್ಲಿ ಯಾರಿಗೆ ಏನು ಕಷ್ಟ ಅಂತ ಅವರಿಗೂ ಆಶಾ ಅಕ್ಕಂದಿರಿಗೂ ಚೆನ್ನಾಗಿ ಗೊತ್ತು. ಆದರೆ ಆ ಕೆಲಸಕ್ಕೆ ಸಂಬಳ, ಗಾಡಿ, ಅಧಿಕಾರ ಕೊಡಬೇಕು. ಸುಮ್ನೆ ಇನ್ನೊಂದು ಹೊರೆ ಹೊರಿಸಬಾರದು.

ಮೇ ತಿಂಗಳೊಳಗೆ ಪ್ರತಿ ಪಂಚಾಯಿತಿಯಲ್ಲೂ ಪಟ್ಟಿ ಸಿದ್ಧವಾಗಲಿ. ಪ್ರತಿ ಹೆಸರಿನ ಎದುರು, ಕರೆದುಕೊಂಡು ಬರುವವರ ಹೆಸರು, ಫೋನ್ ನಂಬರ್ ಇರಲಿ. ಮುಂದಿನ ಗ್ರಾಮಸಭೆಯಲ್ಲಿ ದಯವಿಟ್ಟು ಇದನ್ನು ಕೇಳಿ. ಪಿಡಿಒ ಏನು ಉತ್ತರ ಕೊಟ್ಟರು ಅಂತ ಇಲ್ಲಿ ಬರೆಯಿರಿ.